ಮೂವತ್ತೆಂಟು ಮಣ್ಣೆತ್ತುಗಳ ನಡುವೆ

ಮಕ್ಕಳೇ, ಎತ್ತಿನ ಡುಬ್ಬ ಎಲ್ಲಿರುತ್ತದೆ? ಪುಸ್ತಕ ನೋಡದೆ, ಅಜ್ಜನನ್ನು ಕೇಳದೆ ಹೇಳಿ. ಕಿವಿ ಕೊಂಬಿನ ಮೇಲೋ, ಕೊಂಬು ಕಿವಿಯ ಮೇಲೋ? ನಗಬೇಡಿ. ಹೋದ ವರ್ಷ ನಮ್ಮ ಕೊಲ್ಹಾರದ ಒಂದು ಶಾಲೆಯಲ್ಲಿ 38 ಮಕ್ಕಳು ಈ ಪ್ರಶ್ನೆಗೆ ಮಣ್ಣಿನಲ್ಲಿ ಉತ್ತರ ಬರೆದರು. ಅರ್ಧಕ್ಕರ್ಧ ತಪ್ಪು.

ಮಣ್ಣೆತ್ತಿನ ಅಮಾವಾಸ್ಯೆಗೆ ಇನ್ನೆರಡು ದಿನ ಇತ್ತು. ಶಾಲೆಯವರು ಮಣ್ಣೆತ್ತು ಮಾಡುವ ಸ್ಪರ್ಧೆ ಇಟ್ಟು, ತೀರ್ಪು ಕೊಡಲು ನನ್ನನ್ನು ಕರೆದಿದ್ದರು. ನಾನು ಕನ್ನಡ ಕಲಿಸಿ ನಿವೃತ್ತನಾದ ಮಾಸ್ತರ. ಚಿತ್ರಕಲೆ ನನಗೆ ಬಾರದು. "ನೀವು ಎತ್ತು ಕಟ್ಟಿ ಒಕ್ಕಲುತನ ಮಾಡಿದ ಮನಿಯವರು, ಅಷ್ಟು ಸಾಕ್ರಿ ಗುರುಗಳ" ಎಂದರು ಅಲ್ಲಿಯ ಬಾಯಾರು. ಸರಿ, ಹೆಗಲಿಗೆ ಟವೆಲ್ ಹಾಕಿಕೊಂಡು ಹೋದೆ.

ಮೈಸೂರು, ಮಂಗಳೂರು ಕಡೆಯ ಓದುಗರಿಗೆ ಎರಡು ಮಾತು ಹೇಳಬೇಕು. ನಮ್ಮ ಕಡೆ ಜ್ಯೇಷ್ಠ ಮಾಸದ ಹುಣ್ಣಿಮೆ ಕಾರಹುಣ್ಣಿಮೆ. ಅವತ್ತು ಎತ್ತುಗಳ ಮೈ ತೊಳೆದು, ಕೊಂಬಿಗೆ ಬಣ್ಣ ಬಳಿದು, ಜೂಲ ಹೊದಿಸಿ, ಗೊಂಡೆ, ಗೆಜ್ಜೆಸರ ಕಟ್ಟಿ ಸಂಜೆ ಕರಿ ಹರಿಯಲು ಓಡಿಸುತ್ತಾರೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಬಿಳಿಜೋಳ ಚೆನ್ನಾಗಿ ಬರುತ್ತದೆ, ಕಂದು ಎತ್ತು ಮುಂದಾದರೆ ಮುಂಗಾರಿ ಪೈರು ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಅದಾಗಿ ಹದಿನೈದು ದಿನಕ್ಕೆ ಬರುವುದೇ ಮಣ್ಣೆತ್ತಿನ ಅಮಾವಾಸ್ಯೆ. ಕಾರಹುಣ್ಣಿಮೆ ದೊಡ್ಡವರ ಹಬ್ಬ, ಇದು ಮಕ್ಕಳ ಹಬ್ಬ. ಮಣ್ಣಿನಲ್ಲಿ ಜೋಡೆತ್ತು, ಅವಕ್ಕೊಂದು ಗ್ವಾದಲಿ ಮಾಡಿ, ಜಗಲಿ ಮೇಲಿಟ್ಟು ಪೂಜಿಸಿ, ಹೋಳಿಗೆ ಎಡೆ ಹಿಡಿಯುತ್ತೇವೆ. ಮಣ್ಣಿಗೆ ಕೈಮುಗಿಯುವ ಸರದಿ ಇಲ್ಲಿಂದ ಶುರು. ಮುಂದೆ ಗುಳ್ಳವ್ವ, ಆಮೇಲೆ ಪಂಚಮಿಯ ನಾಗಪ್ಪ, ಗಣಪ್ಪ, ಕೊನೆಗೆ ಜೋಕುಮಾರ. ಐದೂ ಮಣ್ಣಿನವೇ.

ಸ್ಪರ್ಧೆಯ ಮಣ್ಣು ಎಲ್ಲಿಂದ ಬಂತು ಎಂಬುದನ್ನೂ ಹೇಳಬೇಕು. ನಮ್ಮ ಹಳೆಯ ಊರು ಕೃಷ್ಣಾ ನದಿಯ ದಂಡೆಯ ಮೇಲಿತ್ತು. 1964ರಲ್ಲಿ ಅಡಿಗಲ್ಲು ಬಿದ್ದ ಆಲಮಟ್ಟಿ ಅಣೆಕಟ್ಟು ಮುಗಿಯುತ್ತ ಬಂದ ಹಾಗೆ ಹಿನ್ನೀರು ಏರಿತು, ನಾವು ಎತ್ತರದ ಹೊಸ ಊರಿಗೆ ಬಂದೆವು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಹಳೆಯ ನೆಲ ಮತ್ತೆ ಕಾಣಿಸುತ್ತದೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಹಿಡಿಯಿತೋ, ಮತ್ತೆ ಮುಚ್ಚುತ್ತದೆ. ಮಣ್ಣೆತ್ತಿನ ಅಮಾವಾಸ್ಯೆ ಸರಿಯಾಗಿ ಈ ಎರಡರ ನಡುವೆ ಬೀಳುತ್ತದೆ. ಶಾಲೆಯ ಒಬ್ಬ ಮಾಸ್ತರರು ಮೋಟರ್‌ಸೈಕಲ್ ಮೇಲೆ ಎರಡು ಚೀಲ ಎರಿಮಣ್ಣು ಹೊತ್ತು ತಂದಿದ್ದರು. (ಮಕ್ಕಳೇ, ಹಿನ್ನೀರಿನ ಅಂಚಿಗೆ ನೀವು ಹೋಗಬೇಡಿ, ರಾಡಿಯಲ್ಲಿ ಕಾಲು ಹೂತರೆ ಎಳೆಯುವವರು ಇರುವುದಿಲ್ಲ.) ನಾನು ಒಂದು ಹಿಡಿ ಎತ್ತಿ ಮೂಸಿದೆ. ಯಾರ ಹೊಲದ ಮಣ್ಣೋ.

ಎರಿಮಣ್ಣಿನದು ಹಟಮಾರಿ ಜಾತಿ. ಹಸಿಯಿದ್ದಾಗ ಬೆಣ್ಣೆ, ಒಣಗಿದಾಗ ಬಿರುಕು. ಅದಕ್ಕೇ ಜರಡಿ ಹಿಡಿದು, ಸ್ವಲ್ಪ ಬೂದಿ, ಚೂರು ಹತ್ತಿ ಬೆರೆಸಿ, ರೊಟ್ಟಿ ಹಿಟ್ಟಿನಂತೆ ನಾದಬೇಕು. ನನ್ನ ಅವ್ವ ಹೇಳುತ್ತಿದ್ದಳು, ಡುಬ್ಬವನ್ನು ಬೇರೆ ಮಾಡಿ ಅಂಟಿಸಬಾರದು, ಮೈಯಿಂದಲೇ ಚಿವುಟಿ ಎಬ್ಬಿಸಬೇಕು. ಅಂಟಿಸಿದ್ದು ಒಣಗಿದ ಮೇಲೆ ಬಿಟ್ಟುಕೊಳ್ಳುತ್ತದೆ. ಕಾಲು ದಪ್ಪಗಿರಲಿ, ಒಳಗೊಂದು ಜೋಳದ ದಂಟಿನ ಕಡ್ಡಿ ಇರಲಿ. ಕೊಂಬು ಕೊನೆಗೆ. ಕಣ್ಣಿಗೆ ಗುಲಗಂಜಿ, ಅದು ಸಿಗದಿದ್ದರೆ ಜೋಳದ ಕಾಳು. ಒಣಗಿಸುವುದು ನೆರಳಿನಲ್ಲಿ ಮಾತ್ರ. ಈಗ ಪೇಟೆಯಲ್ಲಿ ಬಣ್ಣ ಬಳಿದ ಪ್ಲಾಸ್ಟರ್ ಎತ್ತು ಬರುತ್ತವೆ, ಹೊಳೆಯುತ್ತವೆ, ಬಿರುಕು ಬಿಡುವುದಿಲ್ಲ. ಮಳೆಗೆ ಕರಗುವುದೂ ಇಲ್ಲ. ಹಬ್ಬ ಮುಗಿದ ಮೇಲೆ ಅವನ್ನು ಏನು ಮಾಡಬೇಕೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಎತ್ತುಗಳನ್ನು ಮಾಳಿಗೆ ಮೇಲಿಡುತ್ತಿದ್ದೆವು. ಮಳೆ ಬಂದು ಅವು ಮತ್ತೆ ಮಣ್ಣಾಗಿ ಮಾಳಿಗೆಯನ್ನೇ ಸೇರುತ್ತಿದ್ದವು.

ಹತ್ತು ಗಂಟೆಗೆ ಶುರುವಾದ ಕೆಲಸ ಹನ್ನೆರಡಕ್ಕೆ ಒಂದು ಆಕಾರಕ್ಕೆ ಬಂತು. ಪಡಸಾಲೆಯಲ್ಲಿ ಸಾಲಾಗಿ ಇಟ್ಟರು. ಮಕ್ಕಳ ಕೈ ಚುರುಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಅನೇಕ ಎತ್ತುಗಳಿಗೆ ಡುಬ್ಬ ನಡುಬೆನ್ನಿನ ಮೇಲೆ, ಒಂಟೆಯ ಹಾಗೆ. ಕೆಲವಕ್ಕೆ ಕಿವಿ ನೆತ್ತಿಯ ಮೇಲೆ, ಮೊಲದ ಹಾಗೆ. ಗಂಗೆದೊಗಲು ಯಾವುದಕ್ಕೂ ಇಲ್ಲ. "ನಿಮ್ಮ ಮನ್ಯಾಗ ಎತ್ತು ಯಾರ್ಯಾರಿಗೆ ಅದಾವ? ಕೈ ಎತ್ರಿ" ಎಂದೆ. ನಾಲ್ಕು ಕೈ ಎದ್ದವು. 38ರಲ್ಲಿ ನಾಲ್ಕು.

ಮಕ್ಕಳನ್ನು ಯಾಕೆ ಬೈಯಲಿ? 2019ರ ಜಾನುವಾರು ಗಣತಿಯೇ ಹೇಳಿತು, ಅದರ ಹಿಂದಿನ ಗಣತಿಗಿಂತ ದೇಶದಲ್ಲಿ ನಾಡತಳಿಯ ದನಗಳು ಶೇಕಡಾ 6ರಷ್ಟು ಇಳಿದಿವೆ ಎಂದು. ನಮ್ಮದು ಖಿಲಾರಿ ಎತ್ತಿನ ಸೀಮೆ. ಬೆಳ್ಳಗೆ, ಎತ್ತರಕ್ಕೆ, ಹಿಂದಕ್ಕೆ ಬಾಗಿ ಮೇಲೇರುವ ಉದ್ದ ಕೊಂಬಿನವು. ಈ ಎರಿಭೂಮಿಯ ಭಾರದ ನೇಗಿಲಿಗೆಂದೇ ನೂರಕ್ಕೂ ಹೆಚ್ಚು ವರ್ಷಗಳ ಹಿಂದೆ ದಕ್ಷಿಣ ಮರಾಠಾ ಸಂಸ್ಥಾನಗಳ ಅರಸರು ಬೆಳೆಸಿದ ಕೃಷ್ಣಾ ಕಣಿವೆ ತಳಿ ಎಂಬುದೂ ಇದೆ. ಈಗ ಅದನ್ನು ಹುಡುಕಿಕೊಂಡು ಹೋಗಿ ನೋಡಬೇಕು. ಉಳಿದವರ ಮನೆಯಲ್ಲಿ ಬಾಡಿಗೆ ಟ್ರ್ಯಾಕ್ಟರ್ ಬಂದು ಎರಡು ತಾಸಿನಲ್ಲಿ ಉತ್ತು ಹೋಗುತ್ತದೆ. ಟ್ರ್ಯಾಕ್ಟರಿಗೆ ದಿನಾ ಮೇವು ಹಾಕಬೇಕಿಲ್ಲ, ಒಕ್ಕಲಿಗನ ಕಷ್ಟ ಒಕ್ಕಲಿಗನಿಗೇ ಗೊತ್ತು.

ಬಾಯಾರಿಗೆ ಹೇಳಿ ತೀರ್ಪನ್ನು ಮಧ್ಯಾಹ್ನಕ್ಕೆ ಮುಂದೆ ಹಾಕಿಸಿದೆ. ಮಕ್ಕಳ ಬಿಸಿಯೂಟ ಮುಗಿದ ಮೇಲೆ ಸಾಲು ಮಾಡಿಸಿ, ಶಾಲೆಯ ಹಿಂದಿನ ಓಣಿಯ ಒಂದು ದನದ ಕೊಟ್ಟಿಗೆಗೆ ಕರೆದುಕೊಂಡು ಹೋದೆ. ಮುದುಕ ರೈತರೊಬ್ಬರು ಜೋಡಿ ಖಿಲಾರಿ ಸಾಕಿದ್ದಾರೆ. ಕಾರಹುಣ್ಣಿಮೆಯ ಬಣ್ಣ ಕೊಂಬಿನ ಮೇಲೆ ಇನ್ನೂ ಇತ್ತು. ಮಕ್ಕಳು ಮೊದಲು ಹಿಂದೆ ಹಿಂದೆ ಸರಿದರು. ಆಮೇಲೆ ಒಬ್ಬಳು ಮುಟ್ಟಿದಳು, ಎಲ್ಲರೂ ಮುಟ್ಟಿದರು. "ಎಷ್ಟು ಬೆಚ್ಚಗ ಐತ್ರಿ!" ಎಂದು ಒಬ್ಬ ಕೂಗಿದ. ಗಂಗೆದೊಗಲು ಹಿಡಿದು ಜೋತಾಡಿಸಿ ನೋಡಿದರು. ಎತ್ತು ಸುಮ್ಮನೆ ಮೆಲುಕು ಹಾಕುತ್ತಿತ್ತು.

ಒಂದು ಹುಡುಗಿ ತನ್ನ ಮಣ್ಣೆತ್ತನ್ನು ತಟ್ಟೆಯಲ್ಲಿಟ್ಟುಕೊಂಡೇ ಬಂದಿದ್ದಳು. ಮುದುಕರು ಅದನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು. "ಛಲೋ ಮಾಡೀದಿ ತಂಗಿ. ಆದರ ಡುಬ್ಬ ನಡಬೆನ್ನಿನ ಮ್ಯಾಲ ಇಟ್ಟರ ನಾ ನೊಗ ಎಲ್ಲಿ ಇಡ್ಲಿ?" ಎಂದರು. ಗೋಡೆಗೆ ಒರಗಿಸಿದ್ದ ನೊಗ ತಂದು ಎತ್ತಿನ ಹೆಗಲಿನ ಮೇಲೆ, ಡುಬ್ಬದ ಮುಂದೆ ಇಟ್ಟು ತೋರಿಸಿದರು. ಎತ್ತು ಮುಂದಕ್ಕೆ ಜಗ್ಗಿದಾಗ ನೊಗ ಹಿಂದೆ ಜಾರದಂತೆ ಡುಬ್ಬ ತಡೆಯುತ್ತದೆ. ಹುಡುಗಿ ಏನೂ ಮಾತಾಡಲಿಲ್ಲ. ಶಾಲೆಗೆ ಮರಳಿದವಳೇ ತನ್ನ ಎತ್ತನ್ನು ಪೂರ್ತಿ ಮುದ್ದೆ ಮಾಡಿ ಮತ್ತೆ ಮೊದಲಿನಿಂದ ಕೂತಳು.

ಆಕೆ ಕೂತ ರೀತಿ ನೋಡಿ ನನಗೆ ಬೇರೇನೋ ನೆನಪಾಯಿತು. ನಮ್ಮಿಂದ ದೂರವೇನಲ್ಲ, ರಾಯಚೂರು ಜಿಲ್ಲೆಯ ಮುದಗಲ್ ಹತ್ತಿರ ಪಿಕ್ಲಿಹಾಳ ಎಂಬ ಊರಿದೆ. ಅಲ್ಲಿ ಹೊಸ ಶಿಲಾಯುಗದ ಜನ ಬಂಡೆಗಳ ಮೇಲೆ ಡುಬ್ಬದ ಗೂಳಿಗಳನ್ನು ಮೂಡಿಸಿಟ್ಟಿದ್ದಾರೆ. ಸುರಪುರ ಸೀಮೆಯ ಬೂದಿಹಾಳದಲ್ಲಿ ಆ ಕಾಲದ ದನಗಾರರು ಸಗಣಿ ಗುಡ್ಡೆ ಹಾಕಿ ಸುಟ್ಟ ಬೂದಿಯ ದಿಬ್ಬವೇ ಇದೆ. ನಾಲ್ಕು ಸಾವಿರ ವರ್ಷದ ಹಿಂದಿನ ಮಾತು. ಇನ್ನೂ ದೂರದ ಸಿಂಧೂ ಕಣಿವೆಯ ಹರಪ್ಪಾ, ಮೊಹೆಂಜೊದಾರೊಗಳಲ್ಲಿ ಸುಟ್ಟ ಮಣ್ಣಿನ ಆಟಿಕೆ ಎತ್ತು, ಗಾಡಿಗಳು ಸಿಕ್ಕಿವೆ. ಕೆಲವು ಎತ್ತುಗಳ ತಲೆ ದಾರ ಜಗ್ಗಿದರೆ ಅಲ್ಲಾಡುವಂತೆ ಮಾಡಿದ್ದರು! ಆ ಮಕ್ಕಳಿಗೆ ಡುಬ್ಬ ಎಲ್ಲಿ ಎಂದು ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ಪರ್ಧೆಯಲ್ಲಿ ಒಂದು ಜಗಳವೂ ಆಯಿತು. ನಾಲ್ಕನೆಯ ಇಯತ್ತೆಯ ಒಬ್ಬ ಹುಡುಗಿ ಎತ್ತಿನ ಬದಲು ಎಮ್ಮೆ ಮಾಡಿದ್ದಳು, ಮುಂದೊಂದು ಪುಟ್ಟ ಗಡಿಗೆ. "ಇದು ನಡಿಯೂದಿಲ್ಲ, ಸ್ಪರ್ಧಾ ಮಣ್ಣೆತ್ತಿಂದು" ಎಂದು ಹುಡುಗರು ಗದ್ದಲ ಎಬ್ಬಿಸಿದರು. "ನಮ್ಮ ಮನ್ಯಾಗ ಎತ್ತಿಲ್ರಿ ಅಜ್ಜಾರ, ಎಮ್ಮಿ ಐತಿ. ನಮ್ಮವ್ವ ಮೊಸರು ಮಾರ್ತಾಳ" ಎಂದಳು. ಕೊಲ್ಹಾರದ ಗಟ್ಟಿ ಮೊಸರು ತಿನ್ನದೆ ಕೃಷ್ಣಾ ಸೇತುವೆ ದಾಟಿದವರು ಕಡಿಮೆ. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗಟ್ಟಿದ ಆ ಮೊಸರು ಎಮ್ಮೆಯ ಪುಣ್ಯ. ಎಮ್ಮೆಗೆ ಮಾತ್ರ ನಮ್ಮಲ್ಲಿ ಅಮಾವಾಸ್ಯೆಯೂ ಇಲ್ಲ, ಹುಣ್ಣಿಮೆಯೂ ಇಲ್ಲ. ನಾನು ಆಕೆಯ ಪರವಾಗಿ ವಾದಿಸಿದೆ, ಸಮಾಧಾನಕರ ಬಹುಮಾನ ಕೊಡಿಸಿದೆ. ಈಗಲೂ ಅದು ಕಡಿಮೆಯಾಯಿತು ಅನಿಸುತ್ತದೆ.

ಕೊನೆಗೆ ಎಲ್ಲರೂ ತಂತಮ್ಮ ಎತ್ತು ಎತ್ತಿಕೊಂಡು ಮೇಜಿನ ಕಡೆ ಬರುವಾಗ ಒಬ್ಬ ಹುಡುಗನ ಹಲಗೆ ವಾಲಿತು. ಎತ್ತು ನೆಲಕ್ಕೆ ಬೀಳಲಿಲ್ಲ, ಆದರೆ ಮುಂದಿನ ಎಡಗಾಲು ಮುರಿದು ಉದುರಿತು. ಚೆಂದದ ಎತ್ತು. ಕೊಂಬು ತಿದ್ದಿದಂತಿತ್ತು. ಮುರಿದದ್ದನ್ನು ಸ್ಪರ್ಧೆಗೆ ತೆಗೆದುಕೊಳ್ಳಬಾರದೆಂಬ ನಿಯಮವನ್ನು ಬೆಳಗ್ಗೆಯೇ ಹೇಳಿದ್ದರು. ಹುಡುಗ ಅಳಲಿಲ್ಲ, ತುಟಿ ಕಚ್ಚಿ ಎತ್ತನ್ನು ಚೀಲಕ್ಕೆ ತುರುಕಲು ನೋಡಿದ.

"ತಡಿಯಪ್ಪಾ" ಎಂದೆ. ಅವನಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ನಮ್ಮ ಕಾಲದಲ್ಲಿ ಅಮಾವಾಸ್ಯೆಯ ಮರುದಿನ ಮಕ್ಕಳು ಒಂದು ಮಣ್ಣೆತ್ತಿನ ಕಾಲು ಮುರಿದು, ಅದನ್ನು ಹಲಗೆಯ ಮೇಲಿಟ್ಟು, ಕುಂಟೆತ್ತು ಬಂದಿದೆ ಜೋಳ ನೀಡಿರಿ ಎಂದು ಹಾಡುತ್ತ ಮನೆಮನೆಗೆ ಹೋಗುತ್ತಿದ್ದೆವು. ಜೋಳ ಕೂಡಿಸಿ, ಅಂಗಡಿಗೆ ಹಾಕಿ, ಬೆಲ್ಲ, ಚುರುಮುರಿ ಕೊಂಡು ತಿನ್ನುವುದು. ಬಣ್ಣದ ಜೋಡೆತ್ತು ಮನೆಯಲ್ಲೇ ಕೂತಿರುತ್ತಿದ್ದವು. ಊರು ತಿರುಗುವ ಮಾನ ಕುಂಟೆತ್ತಿಗೆ. ಯಾವ ಮನೆಯವರೂ ಇಲ್ಲ ಅನ್ನುತ್ತಿರಲಿಲ್ಲ. ದುಡಿಯಲಾರದ ಎತ್ತಿಗೂ ರಾಶಿಯಲ್ಲಿ ಪಾಲಿದೆ ಎಂಬ ಮಾತನ್ನು ಹಿರಿಯರು ಹೀಗೆ ಆಟದಲ್ಲಿ ಇಟ್ಟಿದ್ದರೆಂದು ನಾನು ತಿಳಿದಿದ್ದೇನೆ.

ಅವನಿಗೆ ಹೇಳದ್ದು ಒಂದಿದೆ. ನಾನು ಹನ್ನೊಂದು ವರ್ಷದವನಿದ್ದಾಗ ನಮ್ಮ ಎಡಗೋಲಿನ ಎತ್ತು ಬಸ್ಯಾ ಹೊಳೆಯ ದಾರಿಯಲ್ಲಿ ಜಾರಿ ಬಿದ್ದು ಕಾಲು ಊನಮಾಡಿಕೊಂಡ. ಆರು ತಿಂಗಳು ಕಾದರೂ ನೆಟ್ಟಗಾಗಲಿಲ್ಲ. ಆ ಸಲ ಕುಂಟೆತ್ತು ಹೊತ್ತು ಊರೆಲ್ಲ ತಿರುಗಿ, ಚೀಲ ತುಂಬ ಜೋಳ ತಂದಾಗ ಕೊಟ್ಟಿಗೆಯಲ್ಲಿ ಬಸ್ಯಾ ಇರಲಿಲ್ಲ. ಅಪ್ಪ ಕಟ್ಟೆಯ ಮೇಲೆ ಕೂತು ನೋಟು ಎಣಿಸುತ್ತಿದ್ದ. "ಅಪ್ಪಾ, ಎಲ್ಲಾರೂ ಕುಂಟೆತ್ತಿಗಿ ಜ್ವಾಳ ಕೊಟ್ರು, ನಾವ್ ಯಾಕ ಕೊಡಲಿಲ್ಲ?" ಎಂದು ಕೇಳಿಬಿಟ್ಟೆ. ಅಪ್ಪ ಉತ್ತರ ಕೊಡಲಿಲ್ಲ. ಬರದ ವರ್ಷ, ಮನೆಯಲ್ಲಿ ಎಂಟು ಬಾಯಿ, ಇದೆಲ್ಲ ನನಗೆ ಅರ್ಥವಾದದ್ದು ಬಹಳ ತಡವಾಗಿ. ಅವನು ಎದ್ದು ಬಂದು ನನ್ನ ಕೈಯ ಚೀಲ ತೆಗೆದುಕೊಂಡು, ಅಷ್ಟೂ ಜೋಳವನ್ನು ಉಳಿದ ಒಂಟಿ ಎತ್ತಿನ ಗ್ವಾದಲಿಗೆ ಸುರಿದ. ಆ ವರ್ಷ ನಮಗೆ ಚುರುಮುರಿ ಇರಲಿಲ್ಲ. ಗೆಳೆಯರು ನನ್ನ ಮೇಲೆ ವಾರಗಟ್ಟಲೆ ಸಿಟ್ಟಾಗಿದ್ದರು.

ಮೊದಲ ಬಹುಮಾನ ಮುದ್ದೆ ಮಾಡಿ ಮತ್ತೆ ಕಟ್ಟಿದ ಹುಡುಗಿಗೆ ಹೋಯಿತು. ಆಕೆಯ ಎತ್ತಿಗೆ ಡುಬ್ಬ ಹೆಗಲಿನ ಮೇಲೆ, ಕಿವಿ ಕೊಂಬಿನ ಕೆಳಗೆ, ಕೊರಳಲ್ಲಿ ಗಂಗೆದೊಗಲು, ಮುಂದೆ ಒಂದು ಕಡ್ಡಿಯ ನೊಗ. ಕಾಲು ಮುರಿದ ಎತ್ತಿಗೆ ನಾನು ಬಹುಮಾನ ಕೊಡಲಿಲ್ಲ, ನಿಯಮ ನಿಯಮವೇ. "ನಿನ್ನ ಎತ್ತಿಗಿ ಅಮಾಸಿ ಮರುದಿನ ಕೆಲಸ ಐತಿ, ಕಾಲು ಅಂಟಸಬ್ಯಾಡ" ಎಂದಷ್ಟೇ ಹೇಳಿ ಕಳಿಸಿದೆ.

ಅಮಾವಾಸ್ಯೆಯ ಮರುದಿನ ಬೆಳಗ್ಗೆ ನಾನು ಚಹಾ ಕುಡಿಯುತ್ತಿದ್ದೆ. ಬಾಗಿಲಲ್ಲಿ ಗದ್ದಲ. ಐದಾರು ಮಕ್ಕಳು, ಮುಂದೆ ಆ ಹುಡುಗ, ತಲೆಯ ಮೇಲೆ ಹಲಗೆ. ಹಾಡು ಅವರಿಗೆ ಪೂರ್ತಿ ಬರುತ್ತಿರಲಿಲ್ಲ. ಯಾರದೋ ಅಜ್ಜಿ ಹಿಂದೆ ನಿಂತು ಸಾಲು ಸಾಲಾಗಿ ಹೇಳಿಕೊಡುತ್ತಿದ್ದಳು. ನನ್ನ ಹೆಂಡತಿ ಸೇರು ತುಂಬ ಜೋಳ ತಂದು ಚೀಲಕ್ಕೆ ಹಾಕಿದಳು. ನಾನು ಒಳಗೆ ಹೋಗಿ ಇನ್ನೊಂದು ಸೇರು ತಂದೆ.

"ಇದು ಯಾಕ್ರಿ ಅಜ್ಜಾರ? ಹಾಕ್ಯಾರಲ್ರಿ ಅಜ್ಜಿ" ಎಂದ ಹುಡುಗ.

"ಅದು ನಿನ್ನ ಎತ್ತಿಂದು. ಇದು ಬ್ಯಾರೆ ಒಂದರ ಬಾಕಿ" ಎಂದೆ.

ಅವನು ಚೀಲದ ಬಾಯಿ ಅಗಲ ಮಾಡಿ ಹಿಡಿದ.