ಎತ್ತರ ಹೇಳೋ ಡಬ್ಬಿ: ವಿಮಾನದ ಆಲ್ಟಿಟ್ಯೂಡ್ ಎನ್‌ಕೋಡರ್ ಬಗ್ಗೆ ಒಂದಿಷ್ಟು

ಪಾಮನಕಲ್ಲೂರಿನಿಂದ ಅತ್ತ ಸಿಂಧನೂರಿಗೆ ಹೋದರೂ, ಇತ್ತ ಲಿಂಗಸುಗೂರಿಗೆ ಬಂದರೂ ವಿಮಾನ ನಿಲ್ದಾಣ ಅಂತೂ ಸಿಗೋದಿಲ್ಲ. ಆ ಕಡೆಯಿಂದ ಬಂದ ನಮ್ಮ ಬಳಗದವರಿಗೆ ವಿಮಾನ ಅಂದ್ರೆ ಹೊಲದಾಗ ನಿಂತು ತಲೆ ಎತ್ತಿದಾಗ ಕಾಣೋ ಬಿಳಿ ಗೆರೆ, ಅಷ್ಟೆ. ಕೆಲವೊಮ್ಮೆ ಒಂದು ಗೆರೆ ಇನ್ನೊಂದನ್ನು ಕತ್ತರಿಸಿಕೊಂಡು ಹೋಗುತ್ತದೆ. ಆಗ ‘ಇವೆರಡೂ ಒಂದಕ್ಕೊಂದು ಬಡಿಯಂಗಿಲ್ಲೇನು?’ ಅಂತ ಊರಿನ ಹುಡುಗರು ಕೇಳೋದು ಸಹಜ. ಎಂಜಿನಿಯರಿಂಗ್ ಓದುವ ನಾವು ‘ಇಲ್ಲ, ಎತ್ತರ ಬೇರೆ ಬೇರೆ ಇರ್ತದೆ’ ಅಂತ ಹೇಳಿ ಮುಗಿಸಿಬಿಡುತ್ತೇವೆ. ಆದರೆ ಆ ಎತ್ತರವನ್ನು ಅಳೆಯೋರು ಯಾರು? ಕೆಳಗಿದ್ದವರಿಗೆ ಅದು ಗೊತ್ತಾಗೋದು ಹೇಗೆ?

29,000ದಿಂದ 41,000 ಅಡಿಗಳ ನಡುವೆ ಹಾರುವ ವಿಮಾನಗಳ ಮಧ್ಯೆ ಈಗ ಮೇಲೆ-ಕೆಳಗೆ 1,000 ಅಡಿ ಅಂತರ ಸಾಕು. ಭಾರತದಲ್ಲಿ ಈ ಪದ್ಧತಿ ಬಂದದ್ದು 2003ರ ನವೆಂಬರಿನಲ್ಲಿ. ಅದಕ್ಕೆ ಮುಂಚೆ 2,000 ಅಡಿ ಬೇಕಾಗಿತ್ತು. 1,000 ಅಡಿ ಅಂದ್ರೆ ಬರೀ 300 ಮೀಟರ್ ಚಿಲ್ಲರೆ. ಗಂಟೆಗೆ 800–900 ಕಿ.ಮೀ. ವೇಗದಲ್ಲಿ ಎದುರುಬದುರು ಬರುವ ಎರಡು ವಿಮಾನಗಳನ್ನು ಇಷ್ಟೇ ಅಂತರದಲ್ಲಿ ದಾಟಿಸಬೇಕಾದರೆ, ಪ್ರತಿ ವಿಮಾನವೂ ತನ್ನ ಎತ್ತರವನ್ನು ಸರಿಯಾಗಿ ಹೇಳಲೇಬೇಕು. ಹಾಗೆ ಹೇಳಿಸುವ ಡಬ್ಬಿಯೇ ಆಲ್ಟಿಟ್ಯೂಡ್ ಎನ್‌ಕೋಡರ್. ದೊಡ್ಡ ಜೆಟ್‌ಗಳಲ್ಲಿ ಈ ಕೆಲಸವನ್ನು ಏರ್ ಡೇಟಾ ಕಂಪ್ಯೂಟರ್ ಮಾಡುತ್ತದೆ. ಸಣ್ಣ ವಿಮಾನಗಳಲ್ಲಿ ಅಂಗೈಯಗಲದ ಒಂದು ಪೆಟ್ಟಿಗೆ ಪ್ಯಾನೆಲ್ ಹಿಂದೆ ಕೂತಿರುತ್ತದೆ. ಅದಕ್ಕೆ ಮುಖವಿಲ್ಲ, ಮುಳ್ಳಿಲ್ಲ, ಅಂಕಿಯೂ ಕಾಣೋದಿಲ್ಲ. ಹಾಗಾಗಿ ಅದನ್ನ ‘ಬ್ಲೈಂಡ್ ಎನ್‌ಕೋಡರ್’ ಅಂತಲೇ ಕರೆಯುತ್ತಾರೆ.

ರೇಡಾರ್ ಇದ್ದಮೇಲೆ ಇದು ಯಾಕೆ ಅಂತ ಕೇಳಬಹುದು. ಹಳೆಯ ರೀತಿಯ ರೇಡಾರ್, ಅಂದ್ರೆ ಪ್ರೈಮರಿ ರೇಡಾರ್, ತರಂಗ ಕಳಿಸಿ ಪ್ರತಿಧ್ವನಿಗೆ ಕಾಯುತ್ತದೆ. ದೂರ ಗೊತ್ತಾಗುತ್ತದೆ, ದಿಕ್ಕು ಗೊತ್ತಾಗುತ್ತದೆ, ಎತ್ತರ ಮಾತ್ರ ಗೊತ್ತಾಗೋದಿಲ್ಲ. ಪರದೆಯ ಮೇಲೆ ಎರಡು ಚುಕ್ಕೆ ಒಂದಾದರೆ ವಿಮಾನಗಳು ಒಂದರ ಮೇಲೊಂದು ಸುರಕ್ಷಿತವಾಗಿ ದಾಟುತ್ತಿವೆಯೋ, ಡಿಕ್ಕಿಯಾಗುತ್ತಿವೆಯೋ ಹೇಳುವ ಹಾಗಿಲ್ಲ.

1996ರ ನವೆಂಬರ್ 12ರ ಸಂಜೆ ಹರಿಯಾಣದ ಚರ್ಖಿ ದಾದ್ರಿ ಮೇಲೆ ಆದದ್ದು ಇದೇ. ದಿಲ್ಲಿಯಿಂದ ಹೊರಟ ಸೌದಿಯ ಬೋಯಿಂಗ್ 747 ವಿಮಾನಕ್ಕೆ 14,000 ಅಡಿವರೆಗೆ ಏರಲು ಅನುಮತಿ ಇತ್ತು. ದಿಲ್ಲಿಗೆ ಬರುತ್ತಿದ್ದ ಕಝಾಕಿಸ್ತಾನದ ಇಲ್ಯೂಶಿನ್ ವಿಮಾನಕ್ಕೆ 15,000 ಅಡಿಯಲ್ಲಿ ನಿಲ್ಲಲು ಹೇಳಲಾಗಿತ್ತು. ಕಝಾಕ್ ವಿಮಾನ ಅದಕ್ಕಿಂತ ಕೆಳಗಿಳಿಯಿತು. ದಿಲ್ಲಿಯ ಕಂಟ್ರೋಲರ್ ಮುಂದಿದ್ದದ್ದು ಪ್ರೈಮರಿ ರೇಡಾರ್ ಮಾತ್ರ. ಎತ್ತರಕ್ಕೆ ಪೈಲಟ್‌ಗಳು ರೇಡಿಯೊದಲ್ಲಿ ಹೇಳಿದ ಮಾತೇ ಆಧಾರ. ಎರಡೂ ವಿಮಾನಗಳಲ್ಲಿದ್ದ 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ವಿಚಾರಣೆ ನಡೆಸಿದ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ಆಯೋಗ, ಅನುಮತಿ ಇಲ್ಲದೆ ಕೆಳಗಿಳಿದದ್ದೇ ಕಾರಣ ಅಂತ ಹೇಳಿತು. ಅದು ಸರಿಯೇ. ಆದರೆ ಆ ಇಳಿತ ಕಂಟ್ರೋಲರ್ ಪರದೆಯಲ್ಲಿ ಅಂಕಿಯಾಗಿ ಕಂಡಿದ್ದರೆ ಒಂದು ಎಚ್ಚರಿಕೆಗಾದರೂ ಅವಕಾಶ ಇರುತ್ತಿತ್ತು ಅನ್ನೋದು ನಮ್ಮ ಅನಿಸಿಕೆ.

ಆ ಅಂಕಿಯನ್ನು ಕೊಡೋದು ಸೆಕೆಂಡರಿ ರೇಡಾರ್. ಅದು ಪ್ರತಿಧ್ವನಿಗೆ ಕಾಯೋದಿಲ್ಲ, ನೇರವಾಗಿ ಪ್ರಶ್ನೆ ಕೇಳುತ್ತದೆ. 1030 ಮೆಗಾಹರ್ಟ್ಸ್‌ನಲ್ಲಿ ಎರಡು ಪಲ್ಸ್ ಹೋಗುತ್ತವೆ. ಅವುಗಳ ನಡುವೆ 8 ಮೈಕ್ರೊಸೆಕೆಂಡ್ ಅಂತರ ಇದ್ದರೆ ‘ನೀನ್ಯಾರು?’ ಅಂತ ಅರ್ಥ, 21 ಮೈಕ್ರೊಸೆಕೆಂಡ್ ಇದ್ದರೆ ‘ಎಷ್ಟು ಎತ್ತರದಲ್ಲಿದ್ದೀಯ?’ ಅಂತ. ವಿಮಾನದ ಟ್ರಾನ್ಸ್‌ಪಾಂಡರ್ 1090 ಮೆಗಾಹರ್ಟ್ಸ್‌ನಲ್ಲಿ ಉತ್ತರ ಕೊಡುತ್ತದೆ. ಎರಡನೇ ಪ್ರಶ್ನೆಗೆ ಉತ್ತರ ಅದಕ್ಕೆ ಸ್ವತಃ ಗೊತ್ತಿಲ್ಲ, ಎನ್‌ಕೋಡರ್ ಹೇಳಿಕೊಟ್ಟದ್ದನ್ನು ಹಾಗೇ ಒಪ್ಪಿಸುತ್ತದೆ. ಡಿಕ್ಕಿ ತಪ್ಪಿಸುವ ಟಿಕ್ಯಾಸ್ ಕೂಡ ಪಕ್ಕದ ವಿಮಾನಕ್ಕೆ ಇದೇ ಪ್ರಶ್ನೆ ಕೇಳಿ, ಬಂದ ಉತ್ತರ ನಂಬಿ ‘ಏರು’ ಅಥವಾ ‘ಇಳಿ’ ಅನ್ನುತ್ತದೆ. ಅಂದ್ರೆ ನಮ್ಮ ಎನ್‌ಕೋಡರ್ ತಪ್ಪು ಹೇಳಿದರೆ ದಾರಿ ತಪ್ಪೋದು ಪಕ್ಕದ ವಿಮಾನವೂ ಹೌದು.

ಎನ್‌ಕೋಡರ್ ಅಳೆಯೋದು ಎತ್ತರವನ್ನಲ್ಲ, ಗಾಳಿಯ ಒತ್ತಡವನ್ನು. ವಿಮಾನದ ಮೈಮೇಲೆ ಸ್ಟ್ಯಾಟಿಕ್ ಪೋರ್ಟ್ ಅನ್ನೋ ಸಣ್ಣ ರಂಧ್ರಗಳಿರುತ್ತವೆ. ಅಲ್ಲಿಂದ ಬರುವ ಟ್ಯೂಬ್ ಆಲ್ಟಿಮೀಟರಿಗೆ, ವೇಗದ ಮೀಟರಿಗೆ, ಎನ್‌ಕೋಡರಿಗೆ ಕವಲೊಡೆಯುತ್ತದೆ. ಸಮುದ್ರಮಟ್ಟದಲ್ಲಿ ಒತ್ತಡ 1013.25 ಹೆಕ್ಟೊಪ್ಯಾಸ್ಕಲ್ ಅಂತ ಹಿಡಿದು, ಕಡಿಮೆಯಾದಷ್ಟೂ ಎತ್ತರ ಹೆಚ್ಚು ಅಂತ ಲೆಕ್ಕ. 18,000 ಅಡಿಗೆ ಹೋಗೋಷ್ಟರಲ್ಲಿ ಒತ್ತಡ ಅರ್ಧಕ್ಕಿಳಿದಿರುತ್ತದೆ.

ಒಂದು ಲೆಕ್ಕ ಮಾಡೋಣ. ಪಾಮನಕಲ್ಲೂರಿನ ಹೊಲವೊಂದು ಸಮುದ್ರಮಟ್ಟದಿಂದ 1,300 ಅಡಿ ಎತ್ತರದಲ್ಲಿದೆ ಎಂದುಕೊಳ್ಳಿ. ಅಲ್ಲೊಂದು ಪುಟ್ಟ ವಿಮಾನ ನಿಂತಿದೆ. ಮೇ ತಿಂಗಳ ಬಿಸಿಲಿಗೆ ಸಮುದ್ರಮಟ್ಟಕ್ಕೆ ಹೊಂದಿಸಿದ ಒತ್ತಡ 1003ಕ್ಕೆ ಇಳಿದಿದೆ ಅನ್ನಿ. ನೆಲದ ಹತ್ತಿರ ಒಂದು ಹೆಕ್ಟೊಪ್ಯಾಸ್ಕಲ್ ಅಂದ್ರೆ ಸುಮಾರು 27–28 ಅಡಿ. ಹತ್ತು ಕಡಿಮೆಯಾದದ್ದಕ್ಕೆ ಸುಮಾರು 280 ಅಡಿ ಹೆಚ್ಚಾಯಿತು. ಹೀಗಾಗಿ ಎನ್‌ಕೋಡರ್ ಕಳಿಸೋದು 1,300 ಅಲ್ಲ, 1,600. ವಿಮಾನ ಒಂದಡಿಯೂ ಮೇಲೆದ್ದಿಲ್ಲ! ಪೈಲಟ್ ತನ್ನ ಆಲ್ಟಿಮೀಟರಿನ ಗುಬುಟು ತಿರುಗಿಸಿ 1003 ಇಟ್ಟರೆ ಅವನಿಗೆ 1,300 ಕಾಣುತ್ತದೆ, ಆದರೆ ಎನ್‌ಕೋಡರಿಗೆ ಆ ಗುಬುಟೇ ಇಲ್ಲ.

ಇದು ದೋಷ ಅಲ್ಲ, ಬೇಕಂತಲೇ ಹೀಗೆ ಮಾಡಿದ್ದು. ಪ್ರತಿ ಪೈಲಟ್ ಒಂದೊಂದು ಊರಿನ ಒತ್ತಡ ಇಟ್ಟುಕೊಂಡು ಎತ್ತರ ಕಳಿಸಿದರೆ ಹೋಲಿಸೋದು ಹೇಗೆ? ಎಲ್ಲರೂ 1013.25ರ ಲೆಕ್ಕದಲ್ಲೇ ಕಳಿಸಲಿ, ಸ್ಥಳೀಯ ಒತ್ತಡದ ತಿದ್ದುಪಡಿಯನ್ನು ಕೆಳಗಿನ ಕಂಪ್ಯೂಟರ್ ಮಾಡಿಕೊಳ್ಳಲಿ ಅನ್ನೋದು ಒಪ್ಪಂದ. ತಪ್ಪಾದರೂ ಎಲ್ಲರಿಗೂ ಒಂದೇ ತಪ್ಪಾದರೆ ಅಂತರ ಸರಿಯಾಗೇ ಇರುತ್ತದೆ.

ಇನ್ನು ಎಲೆಕ್ಟ್ರಾನಿಕ್ಸ್‌ನವರಿಗೆ ಇಷ್ಟವಾಗೋ ಭಾಗ. ಅಳೆದ ಎತ್ತರವನ್ನು ಎನ್‌ಕೋಡರ್ 100 ಅಡಿಗಳ ಮೆಟ್ಟಿಲುಗಳಾಗಿ ಒಡೆದು ಹತ್ತು ಹನ್ನೊಂದು ವೈರ್‌ಗಳಲ್ಲಿ ಒಂದೇ ಸಲ ಕಳಿಸುತ್ತದೆ. ಹೊಸ ಡಬ್ಬಿಗಳು ಸೀರಿಯಲ್ ಡೇಟಾ ಕಳಿಸುತ್ತವೆ, ಆದರೂ ಹಳೆಯ ಪದ್ಧತಿ ಇನ್ನೂ ಹೋಗಿಲ್ಲ. ಅಲ್ಲಿ ಬಳಸೋದು ಸಾದಾ ಬೈನರಿ ಅಲ್ಲ. ಬೈನರಿಯಲ್ಲಿ 7 ಅಂದ್ರೆ 0111, 8 ಅಂದ್ರೆ 1000. ಒಂದೇ ಮೆಟ್ಟಿಲು ಏರಿದರೂ ನಾಲ್ಕೂ ಬಿಟ್ ಬದಲಾಗಬೇಕು. ಅವು ಬದಲಾಗುತ್ತಿರುವ ಕ್ಷಣದಲ್ಲೇ ಟ್ರಾನ್ಸ್‌ಪಾಂಡರ್ ಓದಿಬಿಟ್ಟರೆ 0 ಸಿಕ್ಕರೂ ಸಿಕ್ಕೀತು, 15 ಸಿಕ್ಕರೂ ಸಿಕ್ಕೀತು. ಗ್ರೇ ಕೋಡಿನಲ್ಲಿ 7 ಅಂದ್ರೆ 0100, 8 ಅಂದ್ರೆ 1100. ಬದಲಾದದ್ದು ಒಂದೇ ಬಿಟ್. ಯಾವ ಕ್ಷಣದಲ್ಲಿ ಓದಿದರೂ ತಪ್ಪು ಒಂದು ಮೆಟ್ಟಿಲಿಗಿಂತ ಹೆಚ್ಚಾಗೋದಿಲ್ಲ. ಡಿಜಿಟಲ್ ಲಾಜಿಕ್ ಪೇಪರಿನಲ್ಲಿ ಐದು ಮಾರ್ಕ್ಸಿಗೆ ಕನ್ವರ್ಷನ್ ಬರೆದು ಮರೆತಿದ್ದೀವಲ್ಲ, ಅದೇ ಕೋಡು ಇದು. ವಿಮಾನದಲ್ಲಿ ಇದರ ರೂಪಕ್ಕೆ ಗಿಲ್ಹ್ಯಾಮ್ ಕೋಡ್ ಅಂತ ಹೆಸರು. ವೈರ್‌ಗಳಿಗೆ ಡಿ4, ಎ1, ಎ2, ಎ4, ಬಿ1 ಹೀಗೆ ಹೆಸರು.

ಗ್ರೇ ಕೋಡ್ ಇಷ್ಟು ಚೆಂದ ಅಂತ ಹೊಗಳಿದ ಮೇಲೆ ಅದರ ಇನ್ನೊಂದು ಮುಖ ಹೇಳಲೇಬೇಕು. ಈ ಕೋಡ್ ಕನ್ನಡಿಯ ಹಾಗೆ, ಅರ್ಧದಿಂದಾಚೆ ಕೆಳಗಿನ ಬಿಟ್‌ಗಳು ತಿರುವುಮುರುವಾಗಿ ಮರುಕಳಿಸುತ್ತವೆ. ಎ1 ವೈರ್ 14,750 ಅಡಿವರೆಗೂ ಸೊನ್ನೆಯಲ್ಲೇ ಇರುತ್ತದೆ, ಅಲ್ಲಿಂದ ಮೇಲೆ ಒಂದಾಗುತ್ತದೆ. ಆ ಒಂದು ವೈರಿನ ಸೋಲ್ಡರ್ ಬಿಟ್ಟುಕೊಂಡಿದೆ ಅನ್ನಿ. 14,750 ಅಡಿವರೆಗೆ ಎಲ್ಲವೂ ಸರಿ, ಯಾರಿಗೂ ಅನುಮಾನ ಬರೋದಿಲ್ಲ. ಅದಾದ ಮೇಲೆ ವಿಮಾನ ಏರುತ್ತಾ ಹೋದಂತೆ ರೇಡಾರ್ ಪರದೆಯಲ್ಲಿ ಅದು ಇಳಿಯುತ್ತಾ ಹೋಗುತ್ತದೆ! ನಿಜವಾಗಿ 16,000ದಲ್ಲಿದ್ದರೆ ಕಾಣೋದು 13,500. ಬೇಕಿದ್ದರೆ ಕಾಗದದ ಮೇಲೆ ಮಾಡಿ ನೋಡಿ: 14,750ರಿಂದ ಎಷ್ಟು ಮೇಲೋ ಅಷ್ಟೇ ಕೆಳಗೆ. ಚರ್ಖಿ ದಾದ್ರಿಯಲ್ಲಿ 14 ಮತ್ತು 15 ಸಾವಿರ ಅಡಿಗಳ ನಡುವಿನ ವ್ಯತ್ಯಾಸಕ್ಕೆ ಎಷ್ಟು ಬೆಲೆ ಇತ್ತು ಅನ್ನೋದು ನೆನಪಿರಲಿ.

ಹೀಗಾಗಿ ಕೂರಿಸೋ ಕೆಲಸ ಮುಗಿದ ಮೇಲೆ ನೆಲದ ಮೇಲಿನ ಒಂದು ಅಂಕಿ ನೋಡಿ ‘ಸರಿ ಇದೆ’ ಅನ್ನುವ ಹಾಗಿಲ್ಲ. ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣ 2,912 ಅಡಿ ಎತ್ತರದಲ್ಲಿದೆ. ಒತ್ತಡ 1013ರ ಆಸುಪಾಸಿದ್ದ ದಿನ ಅಲ್ಲಿ ನಿಂತ ವಿಮಾನದ ಎನ್‌ಕೋಡರ್ 2,900 ತೋರಿಸಿದರೆ, 2,900ರಲ್ಲಿ ಅದು ಸರಿ ಇದೆ ಅಂತಷ್ಟೇ ಅರ್ಥ.

ಕೂರಿಸೋದು ನೋಡಲು ಸುಲಭ. ನಮ್ಮ ಎನ್‌ಎಎಲ್ ರೂಪಿಸಿದ ಎರಡು ಸೀಟಿನ ‘ಹಂಸ’ದಷ್ಟು ಪುಟ್ಟ ವಿಮಾನವನ್ನೇ ಕಲ್ಪಿಸಿಕೊಳ್ಳಿ. ಆಲ್ಟಿಮೀಟರ್ ಹತ್ತಿರ ಸ್ಟ್ಯಾಟಿಕ್ ಟ್ಯೂಬಿಗೆ ಒಂದು ಟೀ ಜಾಯಿಂಟ್ ಹಾಕಿ ಎನ್‌ಕೋಡರಿಗೆ ಕವಲು ಕೊಡಬೇಕು. ಟ್ಯೂಬ್ ಎಲ್ಲೂ ಜೋತುಬಿದ್ದು ನೀರು ನಿಲ್ಲಬಾರದು. ಪವರ್, ಗ್ರೌಂಡ್, ಡೇಟಾ ವೈರ್‌ಗಳು, ‘ಈಗ ಓದು’ ಅನ್ನೋ ಸ್ಟ್ರೋಬ್ ವೈರ್, ಇವಿಷ್ಟು ಟ್ರಾನ್ಸ್‌ಪಾಂಡರಿಗೆ. ಹಳೆಯ ಡಬ್ಬಿಗಳ ಒಳಗೆ ಸೆನ್ಸರನ್ನು ಒಂದೇ ಉಷ್ಣತೆಯಲ್ಲಿಡೋ ಹೀಟರ್ ಇರುತ್ತದೆ, ಅದು ಬೆಚ್ಚಗಾಗೋವರೆಗೆ ಕೆಲವು ನಿಮಿಷ ಕಾಯಬೇಕು. ಸ್ವಿಚ್ ಹಾಕಿದ ತಕ್ಷಣ ಬಂದ ಅಂಕಿ ನಂಬೋ ಹಾಗಿಲ್ಲ.

ಸ್ಟ್ಯಾಟಿಕ್ ಲೈನ್ ಬಿಚ್ಚಿದಿರೋ, ಮೊದಲು ಸೋರಿಕೆ ಪರೀಕ್ಷೆ. ಸ್ಟ್ಯಾಟಿಕ್ ಪೋರ್ಟಿಗೆ ಪಂಪ್ ಇರುವ ಟೆಸ್ಟ್ ಸೆಟ್ ಜೋಡಿಸಿ, ಆಲ್ಟಿಮೀಟರ್ ಸುಮಾರು 1,000 ಅಡಿ ಏರಿದಂತೆ ತೋರಿಸೋವರೆಗೆ ಗಾಳಿ ಎಳೆದು ಮುಚ್ಚುತ್ತಾರೆ. ಅಮೆರಿಕದ ನಿಯಮದ ಪ್ರಕಾರ ಕ್ಯಾಬಿನ್ ಒತ್ತಡ ಇಲ್ಲದ ವಿಮಾನದಲ್ಲಿ ಒಂದು ನಿಮಿಷಕ್ಕೆ 100 ಅಡಿಗಿಂತ ಹೆಚ್ಚು ಇಳಿಯಬಾರದು. ಸೋರಿದರೆ ಒಳಗಿನ ಉಪಕರಣಗಳಿಗೆ ಹೊರಗಾಳಿಯ ಬದಲು ಕ್ಯಾಬಿನ್ನಿನ ಗಾಳಿ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಸ್ಟ್ಯಾಟಿಕ್ ಒಂದನ್ನೇ ಎಳೆದರೆ ವೇಗದ ಮೀಟರ್ ‘ಭಾರೀ ವೇಗ’ ಅಂದುಕೊಂಡು ಮುಳ್ಳನ್ನು ಕೊನೆಗೆ ಬಡಿಸುತ್ತದೆ. ಅದಕ್ಕೆ ಪಿಟಾಟ್ ಲೈನನ್ನೂ ಜೊತೆಗೇ ಜೋಡಿಸಬೇಕು, ನಿಧಾನಕ್ಕೆ ಎಳೆಯಬೇಕು, ನಿಧಾನಕ್ಕೇ ಬಿಡಬೇಕು.

ಆಮೇಲೆ ಕ್ಯಾಲಿಬ್ರೇಷನ್. ಆಲ್ಟಿಮೀಟರನ್ನು 1013.25ಕ್ಕೆ ಇಟ್ಟು, ಪಂಪಿನಿಂದ ವಿಮಾನವನ್ನು ನೆಲದ ಮೇಲೇ ‘ಹಾರಿಸುತ್ತಾರೆ’. ಎನ್‌ಕೋಡರ್ ಒಂದು ನೂರಿನಿಂದ ಇನ್ನೊಂದಕ್ಕೆ ಜಿಗಿಯಬೇಕಾದದ್ದು ಐವತ್ತರ ಗಡಿಯಲ್ಲಿ. 2,000 ಅನ್ನೋದು 1,950ಕ್ಕೆ ಶುರುವಾಗಿ 2,050ಕ್ಕೆ ಮುಗಿಯಬೇಕು. ಡಬ್ಬಿಯ ಮೇಲೆ ಸಾಮಾನ್ಯವಾಗಿ ಎರಡು ಪುಟ್ಟ ಸ್ಕ್ರೂಗಳಿರುತ್ತವೆ. ಒಂದು ಕೆಳಗಿನ ಎತ್ತರವನ್ನು ಸರಿಪಡಿಸುತ್ತದೆ, ಇನ್ನೊಂದು ಮೇಲಿನದನ್ನು. ನಮ್ಮ ಲ್ಯಾಬಿನ ಝೀರೊ ಮತ್ತು ಸ್ಪ್ಯಾನ್ ಹೊಂದಾಣಿಕೆಯೇ ಇದು. ಒಂದನ್ನು ಮುಟ್ಟಿದರೆ ಇನ್ನೊಂದು ಸ್ವಲ್ಪ ಅಲುಗುತ್ತದೆ, ಹಾಗಾಗಿ ಎರಡು ಮೂರು ಸಲ ಮೇಲೆ-ಕೆಳಗೆ ಓಡಾಡಬೇಕು. ಏರುವಾಗ ಸರಿ ಇದ್ದದ್ದು ಇಳಿಯುವಾಗಲೂ ಸರಿ ಇದೆಯಾ ಅಂತ ನೋಡಬೇಕು. ಮತ್ತೆ, ಮೇಲೆ ಹೇಳಿದ ಕನ್ನಡಿ ಕಾಟದ ಕಾರಣಕ್ಕೆ, ಪ್ರತಿ ವೈರೂ ಒಮ್ಮೆಯಾದರೂ ಬದಲಾಗುವಷ್ಟು ಎತ್ತರಕ್ಕೆ ಹೋಗಬೇಕು.

ಸರಿ, ಯಾವುದಕ್ಕೆ ಹೊಂದಿಸೋದು? ಇಲ್ಲಿ ಬಹಳ ಜನ ಎಡವುತ್ತಾರೆ. ಎನ್‌ಕೋಡರನ್ನು ಹೊಂದಿಸಬೇಕಾದದ್ದು ಪೈಲಟ್ ನೋಡುವ ಆಲ್ಟಿಮೀಟರಿಗೆ. ಅಮೆರಿಕದ ನಿಯಮ ಇವೆರಡರ ನಡುವೆ 125 ಅಡಿ ವ್ಯತ್ಯಾಸಕ್ಕೆ ಮಾತ್ರ ಅವಕಾಶ ಕೊಡುತ್ತದೆ. 10,000 ಅಡಿಯಲ್ಲಿ ಆಲ್ಟಿಮೀಟರಿಗೆ 80 ಅಡಿ ತಪ್ಪುವ ರಿಯಾಯಿತಿ ಇದೆ. ಅದು 60 ಅಡಿ ಹೆಚ್ಚು ತೋರಿಸಿ, ಎನ್‌ಕೋಡರ್ 70 ಅಡಿ ಕಡಿಮೆ ಹೇಳಿದರೆ, ಬಿಡಿಬಿಡಿಯಾಗಿ ಎರಡೂ ಪರವಾಗಿಲ್ಲ, ಜೋಡಿಯಾಗಿ 130 ಅಡಿ, ಫೇಲ್! ಪೈಲಟ್ ತನಗೆ ಹೇಳಿದ ಎತ್ತರದಲ್ಲೇ ಹಾರುತ್ತಿದ್ದರೂ ಕಂಟ್ರೋಲರಿಗೆ ಬೇರೆ ಅಂಕಿ ಕಾಣುತ್ತದೆ. ಅದಕ್ಕೇ ಮೊದಲು ಆಲ್ಟಿಮೀಟರ್ ಸರಿಮಾಡಿ, ಆಮೇಲೆ ಎನ್‌ಕೋಡರ್ ಮುಟ್ಟಬೇಕು. 125 ಅಡಿ ಅಂದ್ರೆ ಸಮುದ್ರಮಟ್ಟದಲ್ಲಿ ನಾಲ್ಕೂವರೆ ಹೆಕ್ಟೊಪ್ಯಾಸ್ಕಲ್, 35,000 ಅಡಿಯಲ್ಲಿ ಬರೀ ಒಂದೂಕಾಲು–ಒಂದೂವರೆ. ಮೇಲೆ ಹೋದಂತೆ ಸೆನ್ಸರಿಗೆ ಕೆಲಸ ಕಷ್ಟ.

ಇಷ್ಟೆಲ್ಲ ಸರಿ ಮಾಡಿದರೂ ಒಂದು ಮಿತಿ ಉಳಿಯುತ್ತದೆ. ಚರ್ಖಿ ದಾದ್ರಿಗೆ ಒಂದೂವರೆ ತಿಂಗಳು ಮುಂಚೆ, 1996ರ ಅಕ್ಟೋಬರ್ 2ರ ರಾತ್ರಿ, ಪೆರು ದೇಶದ ಲಿಮಾದಿಂದ ಏರೊಪೆರು ಸಂಸ್ಥೆಯ ಬೋಯಿಂಗ್ 757 ಹೊರಟಿತು. ವಿಮಾನ ತೊಳೆಯುವಾಗ ಸ್ಟ್ಯಾಟಿಕ್ ಪೋರ್ಟ್‌ಗಳಿಗೆ ಅಂಟಿಸಿದ್ದ ಟೇಪನ್ನು ಯಾರೂ ತೆಗೆದಿರಲಿಲ್ಲ. ಕೆಳಗೆ ಕತ್ತಲ ಸಮುದ್ರ, ಮುಂದೆ ಒಂದಕ್ಕೊಂದು ತಾಳೆಯಾಗದ ಮೀಟರ್‌ಗಳು. ಪೈಲಟ್‌ಗಳು ಸಹಜವಾಗೇ ಕೆಳಗಿನ ಕಂಟ್ರೋಲರನ್ನು ಎತ್ತರ ಕೇಳಿದರು. ಪರದೆಯಲ್ಲಿದ್ದದ್ದನ್ನು ಅವರು ಓದಿ ಹೇಳಿದರು: 9,700 ಅಡಿ. ವಿಮಾನದ ಆಲ್ಟಿಮೀಟರ್ ಹೇಳುತ್ತಿದ್ದದ್ದೂ ಅದೇ. ಎರಡು ಸಾಕ್ಷಿ ಸಿಕ್ಕಂತೆ ಅನಿಸಿತು. ಆದರೆ ಕಂಟ್ರೋಲರ್ ಪರದೆಯ ಅಂಕಿ ಹುಟ್ಟಿದ್ದು ಅದೇ ಮುಚ್ಚಿದ ಪೋರ್ಟಿನಿಂದ, ಅದೇ ಟ್ರಾನ್ಸ್‌ಪಾಂಡರ್ ಮೂಲಕ. ನಿಜವಾದ ಎತ್ತರ ನೀರಿನಿಂದ ಕೆಲವೇ ಅಡಿ. ರೆಕ್ಕೆ ಸಮುದ್ರಕ್ಕೆ ತಾಗಿತು, 70 ಜನ ಸತ್ತರು. ನೆಲ ಹತ್ತಿರ ಬಂದಿದೆ ಅಂತ ಎಚ್ಚರಿಸುವ ಯಂತ್ರ ಕೂಗುತ್ತಲೇ ಇತ್ತು. ಅದಕ್ಕೆ ಎತ್ತರ ಕೊಡುತ್ತಿದ್ದ ರೇಡಿಯೊ ಆಲ್ಟಿಮೀಟರಿಗೆ ಗಾಳಿಯ ಒತ್ತಡದ ಹಂಗಿಲ್ಲ. ಅಷ್ಟು ಗೊಂದಲದಲ್ಲಿ ಯಾವುದನ್ನು ನಂಬಬೇಕು ಅನ್ನೋದೇ ಅವರಿಗೆ ತಿಳಿಯದಾಗಿತ್ತು.

ಈಗಿನ ಎಡಿಎಸ್-ಬಿ ವ್ಯವಸ್ಥೆಯಲ್ಲಿ ವಿಮಾನಗಳು ಒತ್ತಡದ ಎತ್ತರದ ಜೊತೆಗೆ ಜಿಪಿಎಸ್ ಎತ್ತರದ ಮಾಹಿತಿಯನ್ನೂ ಬಿತ್ತರಿಸುತ್ತವೆ. ಎರಡರ ನಡುವಿನ ವ್ಯತ್ಯಾಸ ಇದ್ದಕ್ಕಿದ್ದಂತೆ ವಿಚಿತ್ರವಾದರೆ ಎಲ್ಲೋ ಏನೋ ಕೆಟ್ಟಿದೆ ಅಂತ ಗೊತ್ತಾಗುತ್ತದೆ. ಆದರೂ ವಿಮಾನಗಳ ನಡುವೆ ಮೇಲೆ-ಕೆಳಗಿನ ಅಂತರ ಕಾಯೋದು ಇವತ್ತಿಗೂ ಒತ್ತಡದ ಎತ್ತರದಿಂದಲೇ.