91 ಅವಿಭಾಜ್ಯವೇ? ಒಡೆದು ನೋಡಿ

ಬೆಸ ಸಂಖ್ಯೆ. ಕೊನೆಯಲ್ಲಿ 5 ಇಲ್ಲ. ಅಂಕಿಗಳನ್ನು ಕೂಡಿದರೆ 10, ಹಾಗಾಗಿ 3ರಿಂದಲೂ ಹೋಗದು. ಇಷ್ಟು ನೋಡಿ 91ನ್ನು ಅವಿಭಾಜ್ಯ ಸಂಖ್ಯೆ ಎಂದು ಗುರುತು ಹಾಕಿ ಮುಂದಿನ ಪ್ರಶ್ನೆಗೆ ಹೋಗುವವರು ಬಹಳ. ಹದಿಮೂರು ಏಳಲೆ ತೊಂಬತ್ತೊಂದು. ಮಗ್ಗಿ ಮರೆತರೆ ಅಂಕ ಹೋಯಿತು. 119 (7×17), 133 (7×19), 143 (11×13) ಕೂಡ ಇಂಥವೇ ವೇಷಧಾರಿಗಳು.

ನಂಬಿಕೆ: ಅವಿಭಾಜ್ಯವೋ ಅಲ್ಲವೋ ತಿಳಿಯಲು ಸಂಖ್ಯೆಯ ಅರ್ಧದವರೆಗೂ ಭಾಗಿಸಿ ನೋಡಬೇಕು.

ಸತ್ಯ: ವರ್ಗಮೂಲದವರೆಗೆ ಸಾಕು. ಉದಾಹರಣೆಗೆ 97. ಎರಡು ಅಪವರ್ತನಗಳೂ 10ಕ್ಕಿಂತ ದೊಡ್ಡವಾದರೆ ಗುಣಲಬ್ಧ 100 ದಾಟುತ್ತದೆ. ಆದ್ದರಿಂದ 97ನ್ನು 2, 3, 5, 7ರಿಂದ ಭಾಗಿಸಿ ನೋಡಿದರೆ ಕೆಲಸ ಮುಗಿಯಿತು.

ನಂಬಿಕೆ: 1 ಅತಿ ಚಿಕ್ಕ ಅವಿಭಾಜ್ಯ.

ಸತ್ಯ: ಹೀಗೆಂದುಕೊಂಡಿರುವ ವಿದ್ಯಾರ್ಥಿ ನಾಚಿಕೊಳ್ಳಬೇಕಿಲ್ಲ. 1914ರಲ್ಲಿ ಅಮೆರಿಕದ ಗಣಿತಜ್ಞ ಡಿ. ಎನ್. ಲೆಹ್ಮರ್ ಪ್ರಕಟಿಸಿದ ಅವಿಭಾಜ್ಯಗಳ ಪಟ್ಟಿಯಲ್ಲೂ 1 ಇತ್ತು. ಈಗ ಅದನ್ನು ಹೊರಗಿಟ್ಟಿರುವುದಕ್ಕೆ ಕಾರಣವಿದೆ. 12ನ್ನು ಅವಿಭಾಜ್ಯಗಳಾಗಿ ಒಡೆಯಲು ದಾರಿ ಒಂದೇ: 2×2×3. ಒಂದನ್ನು ಒಳಗೆ ಬಿಟ್ಟರೆ 1×2×2×3, 1×1×2×2×3 ಎಂದು ಬೇಕಾದಷ್ಟು ದಾರಿಗಳಾಗುತ್ತವೆ. ಅಂಕಗಣಿತದ ಮೂಲಭೂತ ಪ್ರಮೇಯ ನಿಂತಿರುವುದೇ ಆ ಒಂದೇ ದಾರಿಯ ಮೇಲೆ.

ನಂಬಿಕೆ: 4ರಿಂದಲೂ 6ರಿಂದಲೂ ಭಾಗವಾದರೆ 24ರಿಂದಲೂ ಭಾಗವಾಗುತ್ತದೆ.

ಸತ್ಯ: 12ನ್ನೇ ನೋಡಿ, ಅಲ್ಲೇ ನಿಯಮ ಮುರಿಯಿತು. 4ರಲ್ಲೂ 6ರಲ್ಲೂ ಒಂದು 2 ಇದೆ. ಗುಣಿಸುವಾಗ ಅದನ್ನು ಎರಡು ಸಲ ಲೆಕ್ಕಕ್ಕೆ ತೆಗೆದುಕೊಂಡೆವು. ಖಚಿತವಾಗಿ ಹೇಳಬಹುದಾದದ್ದು ಲ.ಸಾ.ಅ. ಮಾತ್ರ, ಅಂದರೆ 12. 4 ಮತ್ತು 9ರಂತೆ ಸಾಮಾನ್ಯ ಅಪವರ್ತನವಿಲ್ಲದ ಜೋಡಿಯಾದರೆ ಗುಣಿಸಲು ಅಡ್ಡಿಯಿಲ್ಲ.

ನನಗೆ ಬಲು ಇಷ್ಟದ ಪ್ರಶ್ನೆ ಇನ್ನೊಂದಿದೆ. ಒಂದು ಧನ ಪೂರ್ಣಾಂಕದ ವರ್ಗ 72ರಿಂದ ಭಾಗವಾಗುತ್ತದೆ. ಹಾಗಾದರೆ ಆ ಪೂರ್ಣಾಂಕವನ್ನು ಖಚಿತವಾಗಿ ಭಾಗಿಸುವ ಅತಿ ದೊಡ್ಡ ಸಂಖ್ಯೆ ಯಾವುದು? ಅವಸರದವರು 72 ಎನ್ನುತ್ತಾರೆ. ಸ್ವಲ್ಪ ಯೋಚಿಸಿದವರು, 72ರೊಳಗಿರುವ ದೊಡ್ಡ ವರ್ಗ 36 ಎಂದು ನೋಡಿ, 6 ಎನ್ನುತ್ತಾರೆ. ಎರಡೂ ತಪ್ಪು. 72 ಎಂದರೆ ಮೂರು 2, ಎರಡು 3. ವರ್ಗಸಂಖ್ಯೆಯಲ್ಲಿ ಪ್ರತಿ ಅವಿಭಾಜ್ಯವೂ ಜೋಡಿಯಾಗಿಯೇ ಬರಬೇಕು. ಮೂರು 2 ಇದ್ದರೆ ನಾಲ್ಕನೆಯದೂ ಇದ್ದೇ ಇರುತ್ತದೆ. ಹಾಗಾಗಿ ಆ ವರ್ಗದಲ್ಲಿ ಕನಿಷ್ಠ ನಾಲ್ಕು 2, ಎರಡು 3. ಅದರಲ್ಲಿ ಅರ್ಧ, ಎರಡು 2 ಮತ್ತು ಒಂದು 3, ಮೂಲದ ಪೂರ್ಣಾಂಕದಲ್ಲಿ. ಉತ್ತರ 12. ಅನುಮಾನವಿದ್ದರೆ 12ರ ವರ್ಗ ಮಾಡಿ: 144, ಅಂದರೆ 72ರ ಎರಡರಷ್ಟು.

ಇಲ್ಲಿ ‘ಧನ’ ಎಂಬ ಪದ ಸುಮ್ಮನೆ ಕೂತಿಲ್ಲ. ಬರೀ ಪೂರ್ಣಾಂಕ ಎಂದರೆ ಸೊನ್ನೆಯೂ ಬಂತು, ಋಣ ಸಂಖ್ಯೆಗಳೂ ಬಂದವು. ವರ್ಗ 49 ಆಗಿರುವ ಪೂರ್ಣಾಂಕ 7 ಮಾತ್ರವಲ್ಲ, −7 ಕೂಡ.

ನಂಬಿಕೆ: ನಾಲ್ಕಾರು ಸಂಖ್ಯೆ ಹಾಕಿ ನೋಡಿ ಸರಿ ಬಂದರೆ ನಿಯಮವೂ ಸರಿ.

ಸತ್ಯ: ಸಂಖ್ಯೆಯೊಂದರ ವರ್ಗದಿಂದ ಅದೇ ಸಂಖ್ಯೆಯನ್ನು ಕಳೆದು 41 ಕೂಡಿಸಿ. 1772ರಲ್ಲಿ ಲಿಯೊನಾರ್ಡ್ ಆಯ್ಲರ್ ತೋರಿಸಿಕೊಟ್ಟ ಸೂತ್ರವಿದು. 1 ಹಾಕಿದರೆ 41, 2 ಹಾಕಿದರೆ 43, 3ಕ್ಕೆ 47. ಹೀಗೆ 40ರವರೆಗೂ ಬರುವುದೆಲ್ಲ ಅವಿಭಾಜ್ಯವೇ. 41 ಹಾಕಿದರೆ 1681 ಬರುತ್ತದೆ, ಅದು 41×41.