ದುರ್ಬಲನಾದ ವನಚರ: ಆಟದ ಮೇಜಿನ ಮೇಲೊಂದು ನ್ಯಾಯವಿಚಾರ

ನಮ್ಮ ಪ್ರಾಚೀನ ಚತುರಂಗದಲ್ಲಿ ಅರಸನ ಪಕ್ಕದಲ್ಲಿ ನಿಲ್ಲುವ ಮಂತ್ರಿಯು ಬಲು ನಿರ್ಬಲನಾದ ಕಾಯಿ. ಮೂಲೆಯ ದಿಕ್ಕಿನಲ್ಲಿ ಒಂದೇ ಒಂದು ಮನೆ ಸರಿಯುವುದಷ್ಟೆ ಅವನಿಗೆ ಸಾಧ್ಯವಾಗಿತ್ತು. ಆ ಆಟವು ಪಾರಸಿಕ, ಅರಬ್ಬೀ ದೇಶಗಳನ್ನು ಹಾದು ಯೂರೋಪಿಗೆ ಹೋಯಿತು. ಅಲ್ಲಿ ರಾಣಿಯೆಂಬ ಹೆಸರನ್ನು ಪಡೆದಿದ್ದ ಈ ಕಾಯಿಗೆ ೧೫ನೆಯ ಶತಮಾನದ ಕೊನೆಯ ವೇಳೆಗೆ ಎಂಟು ದಿಕ್ಕಿನಲ್ಲಿಯೂ ಎಷ್ಟು ದೂರವಾದರೂ ಸಾಗುವ ಶಕ್ತಿಯು ದೊರೆಯಿತು. ಅಂದಿನಿಂದ ಆಟದ ಸ್ವರೂಪವೇ ಬೇರೆಯಾಯಿತು. ನಿಯಮಗಳು ಆಡುವವರ ಸಂತೋಷಕ್ಕಾಗಿ ಹುಟ್ಟಿದುವು. ಅವು ಕಲ್ಲಿನ ಶಾಸನಗಳಲ್ಲ. ಅಶಕ್ತನಾದವನನ್ನು ಮೇಲೆತ್ತುವುದು ಆಟದ ಧರ್ಮಕ್ಕೆ ವಿರೋಧವೂ ಅಲ್ಲ. ಆದರೆ ಮೇಲೆತ್ತುವ ಬಗೆ ಯಾವುದು? ಈ ಪ್ರಶ್ನೆಯನ್ನು ನಮ್ಮ ಕಾಲದ ಒಂದು ಆಟದ ಮೂಲಕ ವಿಚಾರಿಸೋಣ.

ಆಟದ ರೀತಿ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ಆಟವನ್ನು ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಎಂಬ ಇಬ್ಬರು ಅಮೆರಿಕದವರು ರಚಿಸಿ ೧೯೭೪ರಲ್ಲಿ ಪ್ರಕಟಿಸಿದರು. ಇಂದು ಬೆಂಗಳೂರಿನಂತಹ ನಗರಗಳಲ್ಲಿ ನಮ್ಮ ತರುಣರೂ ಇದನ್ನು ಕೂಡಿ ಆಡುತ್ತಿರುವರು. ನಾಲ್ಕೈದು ಮಂದಿ ಒಂದು ಮೇಜಿನ ಸುತ್ತ ಕುಳಿತುಕೊಳ್ಳುವರು. ಅವರಲ್ಲಿ ಒಬ್ಬನು ಸೂತ್ರಧಾರ. ಕಾಡು, ಕೋಟೆ, ರಾಕ್ಷಸ, ನಿಧಿ ಇವೆಲ್ಲವೂ ಅವನ ಬಾಯಿಂದ ಹೊರಡುವುವು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ಧರಿಸುವರು. ಒಬ್ಬನು ಯೋಧ, ಒಬ್ಬಳು ಮಾಂತ್ರಿಕಳು, ಮತ್ತೊಬ್ಬನು ಪುರೋಹಿತ, ಇನ್ನೊಬ್ಬನು ಕಳ್ಳ. ಸಂಶಯದ ಕಾರ್ಯವೆಲ್ಲ ಇಪ್ಪತ್ತು ಮುಖದ ದಾಳದಿಂದ ನಿರ್ಣಯವಾಗುವುದು. ಪಾತ್ರಗಳು ಅನುಭವವನ್ನು ಗಳಿಸಿ ೧ನೆಯ ಮೆಟ್ಟಿಲಿನಿಂದ ೨೦ನೆಯ ಮೆಟ್ಟಿಲಿನವರೆಗೆ ಏರುವುವು. ಇಲ್ಲಿ ಆಟಗಾರರು ಒಬ್ಬರನ್ನೊಬ್ಬರು ಸೋಲಿಸಬೇಕಾಗಿಲ್ಲ. ಎಲ್ಲರೂ ಕೂಡಿಯೇ ಗೆಲ್ಲಬೇಕು.

ಎದುರಾಳಿಯಿಲ್ಲದ ಆಟದಲ್ಲಿ ಒಂದು ಪಾತ್ರವು ದುರ್ಬಲವಾದರೆ ನಷ್ಟವೇನು ಎಂದು ವಾಚಕರು ಕೇಳಬಹುದು. ನಷ್ಟವುಂಟು. ಒಂದು ಸಂಜೆಯ ಆಟ ಮೂರು ನಾಲ್ಕು ಗಂಟೆಗಳ ಕಾಲ ನಡೆಯುವುದು. ಅಷ್ಟು ಹೊತ್ತೂ ತನ್ನ ಸರದಿ ಬಂದಾಗಲೆಲ್ಲ ಮಿಕ್ಕವರಿಗಿಂತ ಕಡಿಮೆಯಾದುದನ್ನೇ ಮಾಡಿ ಕುಳಿತುಕೊಳ್ಳುವ ಹುಡುಗನ ಮನಸ್ಸು ಏನಾಗಬೇಡ? ಮೊದಲು ಅವನು ಮೌನವಾಗುವನು. ಆಮೇಲೆ ಆಟಕ್ಕೆ ಬರುವುದನ್ನೇ ಬಿಡುವನು. ಮೇಜಿನ ಸುತ್ತಲಿನ ಸ್ನೇಹವು ಹೀಗೆ ಒಂದು ಮೂಲೆಯಿಂದ ಸಡಿಲವಾಗುವುದು.

ರೇಂಜರನ ಕಥೆ

ರೇಂಜರ್ ಎಂದೊಡನೆ ನಮ್ಮ ಮಲೆನಾಡಿನವರಿಗೆ ಅರಣ್ಯ ಇಲಾಖೆಯ ಅಧಿಕಾರಿಯ ನೆನಪಾಗುವುದು ಸಹಜ. ಈ ಆಟದ ರೇಂಜರನು ಬೇರೆ. ಇವನು ಹೆಜ್ಜೆಯ ಗುರುತು ಹಿಡಿದು ಶತ್ರುವನ್ನು ಬೆನ್ನಟ್ಟುವ, ಬಿಲ್ಲಿನಲ್ಲಿ ನಿಪುಣನಾದ, ಒಂದಿಷ್ಟು ಮಂತ್ರವನ್ನೂ ಬಲ್ಲ ವನಚರ. ೧೯೭೫ರಲ್ಲಿ ದಿ ಸ್ಟ್ರಾಟಜಿಕ್ ರಿವ್ಯೂ ಎಂಬ ಪತ್ರಿಕೆಯಲ್ಲಿ ಜೋ ಫಿಶರ್ ಎಂಬವರು ಇವನನ್ನು ಮೊದಲು ಆಟಕ್ಕೆ ತಂದರು. ಆಂಗ್ಲ ಲೇಖಕ ಟೋಲ್ಕಿನ್ನರ ಕಥೆಯಲ್ಲಿ ಬರುವ ಆರಗಾರ್ನನೇ ಇವನ ಮೂಲಪುರುಷ. ಇಂತಹ ವೀರನ ಪಾತ್ರವನ್ನು ವಹಿಸಲು ಯಾರಿಗೆ ತಾನೆ ಆಸೆಯಿಲ್ಲ?

೨೦೧೪ರಲ್ಲಿ ಆಟದ ಐದನೆಯ ಆವೃತ್ತಿಯು ಹೊರಬಂದಾಗ ಆ ಆಸೆಗೆ ಭಂಗವಾಯಿತು. ಆ ಪುಸ್ತಕದ ರೇಂಜರನಲ್ಲಿ ಮುಖ್ಯವಾಗಿ ಮೂರು ದೋಷಗಳನ್ನು ಕಾಣಬಹುದು.

ಮೊದಲನೆಯದು ಅವಕಾಶದ ದೋಷ. ಹಿಮಭೂಮಿ, ಕಡಲತೀರ, ಮರುಭೂಮಿ, ಕಾಡು, ಹುಲ್ಲುಗಾವಲು, ಬೆಟ್ಟ, ಜೌಗು, ಪಾತಾಳ ಎಂಬ ಎಂಟರಲ್ಲಿ ರೇಂಜರನು ಮೊದಲಿಗೆ ಒಂದನ್ನು ತನ್ನದೆಂದು ಆರಿಸಿಕೊಳ್ಳಬೇಕು. ಅಲ್ಲಿ ಮಾತ್ರ ಅವನು ಪ್ರವೀಣ. ಹಾಗೆಯೇ ಶತ್ರುಗಳಲ್ಲಿಯೂ ಕೆಲವು ಜಾತಿಯನ್ನು ಮಾತ್ರ ಆರಿಸಬೇಕು. ಬೆಟ್ಟವನ್ನು ಆರಿಸಿದವನನ್ನು ಸೂತ್ರಧಾರನ ಕಥೆಯು ಕಡಲಿಗೆ ಒಯ್ದರೆ ಅವನ ವಿದ್ಯೆಯು ಊಟಕ್ಕಿಲ್ಲದ ಉಪ್ಪಿನಕಾಯಿಯಾಗುವುದು. ಯೋಧನ ಕತ್ತಿಯಾದರೋ ಎಲ್ಲಿ ಹೋದರೂ ಕತ್ತಿಯೇ.

ಎರಡನೆಯದು ಇದಕ್ಕಿಂತ ಸೂಕ್ಷ್ಮವಾದುದು. ವಿದ್ಯೆಯು ಉಪಯೋಗಕ್ಕೆ ಬಂದಾಗಲೂ ಆಟವನ್ನು ಬೆಳೆಸದೆ ಅಳಿಸಿಬಿಡುವುದು. ಸ್ವಂತ ಭೂಮಿಯಲ್ಲಿ ರೇಂಜರನ ತಂಡವು ಮಾಯೆಯಿಂದಲ್ಲದೆ ದಾರಿ ತಪ್ಪುವುದೇ ಇಲ್ಲ. ಆಹಾರವು ಎರಡು ಪಾಲು ಸಿಕ್ಕುವುದು. ಆಗ ಸೂತ್ರಧಾರನು, "ನೀವು ಸುಖವಾಗಿ ತಲುಪಿದಿರಿ" ಎಂದು ಒಂದೇ ಮಾತಿನಲ್ಲಿ ಪ್ರಯಾಣವನ್ನು ಮುಗಿಸಿಬಿಡುವನು. ಕಾಡಿನ ವೀರನಿಗೆ ಕಾಡಿನಲ್ಲಿಯೇ ಕೆಲಸವಿಲ್ಲದಾಯಿತು!

ಮೂರನೆಯದು ಸರದಿಯ ದೋಷ. ರೇಂಜರರಲ್ಲಿ ಒಂದು ಪಂಗಡದವರು ಪ್ರಾಣಿಯೊಂದನ್ನು ಸಂಗಾತಿಯಾಗಿ ಪಡೆಯುವರು. ಆದರೆ ಆ ಪ್ರಾಣಿಯಿಂದ ಹೊಡೆತ ಹಾಕಿಸಬೇಕಾದರೆ ಯಜಮಾನನು ತನ್ನ ಸರದಿಯ ಮುಖ್ಯ ಕಾರ್ಯವನ್ನೇ ತ್ಯಜಿಸಬೇಕು. ಲೆಕ್ಕವನ್ನು ನೋಡಿರಿ: ೩ನೆಯ ಮೆಟ್ಟಿಲಿನಲ್ಲಿ ಸಾಧಾರಣ ಬಿಲ್ಲುಗಾರನ ಒಂದು ಬಾಣದ ಸರಾಸರಿ ಪೆಟ್ಟು ಏಳೂವರೆ, ಅವನ ತೋಳವು ಕಚ್ಚಿದರೆ ಸರಾಸರಿ ಒಂಬತ್ತು. ಎರಡೂ ಒಟ್ಟಿಗೆ ಇಲ್ಲ, ಒಂದು ಬಿಟ್ಟರೆ ಇನ್ನೊಂದು. ಇಬ್ಬರು ಯುದ್ಧಕ್ಕೆ ಹೋಗಿ ಒಬ್ಬನ ಕೆಲಸವನ್ನು ಮಾಡಿದಂತಾಯಿತು. ೫ನೆಯ ಮೆಟ್ಟಿಲನ್ನು ಮುಟ್ಟಿದ ಮೇಲೆ ತನ್ನದೊಂದು ಹೊಡೆತವನ್ನೂ ಸೇರಿಸಬಹುದೆಂಬುದು ನಿಜ. ಆದರೆ ಆ ಮೆಟ್ಟಿಲಿನಲ್ಲಿ ಪ್ರಾಣಿಯಿಲ್ಲದ ರೇಂಜರನಿಗೂ ಎರಡು ಹೊಡೆತಗಳುಂಟು. ಮೇಲಾಗಿ ೩ನೆಯ ಮೆಟ್ಟಿಲಿನ ಆ ತೋಳದ ಪ್ರಾಣಾಂಕ ಹನ್ನೆರಡು ಮಾತ್ರ. ಎರಡು ಬಲವಾದ ಪೆಟ್ಟಿಗೆ ಅದು ನೆಲಕ್ಕೊರಗುವುದು.

ಚಿಕಿತ್ಸೆಯ ಇತಿಹಾಸ

೨೦೧೬ರ ಸೆಪ್ಟೆಂಬರಿನಲ್ಲಿ ಪ್ರಕಾಶಕರಾದ ವಿಜರ್ಡ್ಸ್ ಆಫ್ ದಿ ಕೋಸ್ಟ್ ಸಂಸ್ಥೆಯವರು, ಆಟದ ಎಲ್ಲ ವೃತ್ತಿಗಳಲ್ಲಿ ಇದೇ ಅತ್ಯಂತ ದುರ್ಬಲವೆಂದು ಆಟಗಾರರು ಗಣಿಸಿರುವುದನ್ನು ಒಪ್ಪಿಕೊಂಡು, ಪರೀಕ್ಷಾರ್ಥವಾಗಿ ಒಂದು ಹೊಸ ರೇಂಜರನನ್ನು ಮುಂದಿಟ್ಟರು. ಇವನಿಗೆ ಯಾವ ಭೂಮಿಯಾದರೂ ಸ್ವಂತ ಭೂಮಿಯೇ. ಯುದ್ಧದಲ್ಲಿ ಮುಂಚೂಣಿಯ ಸರದಿ ದೊರೆಯುವ ಸಂಭವವೂ ಹೆಚ್ಚು. ಆರಿಸಿದ ಶತ್ರುವಿಗೆ ಪೆಟ್ಟಿನಲ್ಲಿ ಎರಡು ಹೆಚ್ಚು. ಆದರೆ ಇವೆಲ್ಲವೂ ೧ನೆಯ ಮೆಟ್ಟಿಲಿನಲ್ಲಿಯೇ ಒಟ್ಟಿಗೆ ಸಿಕ್ಕಿದುವು. ಈ ಆಟದಲ್ಲಿ ಒಂದು ವೃತ್ತಿಯವನು ಮತ್ತೊಂದು ವೃತ್ತಿಯ ಮೆಟ್ಟಿಲನ್ನೂ ಏರಬಹುದಾದುದರಿಂದ, ಅನ್ಯರು ಒಂದೇ ದಿನ ರೇಂಜರರಾಗಿ, ಲಾಭವನ್ನು ಗಂಟು ಕಟ್ಟಿಕೊಂಡು ತಮ್ಮ ವೃತ್ತಿಗೆ ಹಿಂದಿರುಗಲು ದಾರಿಯಾಯಿತು. ೨೦೦೦ದ ಮೂರನೆಯ ಆವೃತ್ತಿಯಲ್ಲಿಯೂ ಇದೇ ಕೇಡು ಇದ್ದಿತು. ಎರಡು ಕೈಯಲ್ಲಿಯೂ ಆಯುಧ ಹಿಡಿದು ಕಾದುವ ವಿದ್ಯೆಯು ಆಗ ಮೊದಲ ಮೆಟ್ಟಿಲಿನಲ್ಲಿಯೇ ಸಿಕ್ಕುತ್ತಿತ್ತು. ೨೦೦೩ರ ಪರಿಷ್ಕರಣದಲ್ಲಿ ಅದನ್ನು ಎರಡನೆಯ ಮೆಟ್ಟಿಲಿಗೆ ಸರಿಸಬೇಕಾಯಿತು. ಅತಿಯಾದರೆ ಅಮೃತವೂ ವಿಷವಲ್ಲವೆ?

೨೦೨೦ರ ನವೆಂಬರಿನಲ್ಲಿ ಬಂದ ಟಾಶಾಸ್ ಕಾಲ್ಡ್ರನ್ ಆಫ್ ಎವೆರಿಥಿಂಗ್ ಎಂಬ ಪುಸ್ತಕದ ಚಿಕಿತ್ಸೆಯು ಹೆಚ್ಚು ವಿವೇಕದ್ದು. ಭೂಮಿಯ ಆಯ್ಕೆಯ ಬದಲಿಗೆ ಒಂದು ಕುಶಲತೆಯಲ್ಲಿ ಇಮ್ಮಡಿ ನೈಪುಣ್ಯ, ೬ನೆಯ ಮೆಟ್ಟಿಲಿನಲ್ಲಿ ಹತ್ತುವ ಮತ್ತು ಈಜುವ ವೇಗ, ೧೦ನೆಯದರಲ್ಲಿ ದಣಿವನ್ನು ನೀಗುವ ಶಕ್ತಿ, ಹೀಗೆ ಎಲ್ಲೆಡೆಯಲ್ಲಿಯೂ ಸಲ್ಲುವ ವಿದ್ಯೆಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಹಂಚಿದರು. ಸಂಗಾತಿಯಾದ ಪ್ರಾಣಿಗೆ ಆಜ್ಞೆ ಕೊಡಲು ಮುಖ್ಯ ಕಾರ್ಯವು ಬೇಕಾಗಿಲ್ಲ, ಸರದಿಯ ಸಣ್ಣ ಉಪಕಾರ್ಯವೇ ಸಾಕೆಂದರು. ಬಾಣವೂ ಹಾರಿತು, ಪ್ರಾಣಿಯೂ ಕಚ್ಚಿತು! ೩ನೆಯ ಮೆಟ್ಟಿಲಿನಲ್ಲಿ ನೆಲದ ಪ್ರಾಣಿಯ ಪ್ರಾಣಾಂಕವು ಇಪ್ಪತ್ತಾಯಿತು. ಸತ್ತರೂ ಒಂದು ಗಂಟೆಯೊಳಗಾಗಿ ಮಂತ್ರಬಲವನ್ನು ವ್ಯಯಮಾಡಿ ಅದನ್ನು ಬದುಕಿಸಿಕೊಳ್ಳಬಹುದು.

೨೦೨೪ರ ಹೊಸ ಪುಸ್ತಕವು ಈ ದಾರಿಯನ್ನೇ ಹಿಡಿಯಿತಾದರೂ, ಬೇಟೆಯನ್ನು ಗುರುತಿಸಿ ಪೆಟ್ಟನ್ನು ಹೆಚ್ಚಿಸುವ ಒಂದು ಮಂತ್ರದ ಮೇಲೆ ರೇಂಜರನ ಬಲದ ಬಹುಭಾಗವನ್ನು ನಿಲ್ಲಿಸಿತು. ಆ ಮಂತ್ರಕ್ಕೆ ಏಕಾಗ್ರತೆ ಬೇಕು. ಅದು ನಡೆಯುತ್ತಿರುವಾಗ ಏಕಾಗ್ರತೆ ಬೇಕಾದ ಮತ್ತೊಂದು ಮಂತ್ರವನ್ನು ಹಿಡಿದಿಡಲಾಗದು. ಒಂದು ಕೈಯಿಂದ ಕೊಟ್ಟುದನ್ನು ಇನ್ನೊಂದು ಕೈಯಿಂದ ತಡೆದಂತಾಯಿತೆಂದು ಅನೇಕ ಆಟಗಾರರು ಇಂದಿಗೂ ಆಕ್ಷೇಪಿಸುತ್ತಿರುವರು. ನಮಗೂ ಆ ಆಕ್ಷೇಪವು ನ್ಯಾಯವೆಂದೇ ತೋರುವುದು.

ಮನೆಯಲ್ಲಿ ಆಡುವವರಿಗೆ

ಹೊಸ ಪುಸ್ತಕಕ್ಕಾಗಿ ಕಾಯದೆ ಮನೆಯ ಮೇಜಿನಲ್ಲಿಯೇ ಪಾತ್ರವನ್ನು ತಿದ್ದಬಯಸುವವರಿಗೆ ನಮ್ಮ ಸೂಚನೆಗಳು ಇವು.

ನಿಯಮವನ್ನು ಮುಟ್ಟುವ ಮೊದಲು ಮೂರು ನಾಲ್ಕು ಸಂಜೆಗಳ ಕಾಲ ಒಂದು ಕಾಗದದಲ್ಲಿ ಲೆಕ್ಕವಿಡಿರಿ. ಯಾರ ವಿಶೇಷ ವಿದ್ಯೆಯು ಎಷ್ಟು ಸಲ ಕೆಲಸಕ್ಕೆ ಬಂದಿತು? ಅವಕಾಶವೇ ಬರಲಿಲ್ಲವಾದರೆ ದೋಷವು ಕಥೆಯದು. ಅವಕಾಶವು ಬಂದೂ ಫಲವು ಸಣ್ಣದಾದರೆ ದೋಷವು ನಿಯಮದ್ದು. ಎರಡು ರೋಗಕ್ಕೆ ಒಂದೇ ಮದ್ದಲ್ಲ.

ಕಥೆಯ ದೋಷವಾದರೆ ಸೂತ್ರಧಾರನೇ ತಿದ್ದಿಕೊಳ್ಳಬಹುದು. ಕಥೆಯು ಯಾವ ನಾಡಿನಲ್ಲಿ ನಡೆಯುವುದೆಂಬುದನ್ನು ಭೂಮಿಯ ಆಯ್ಕೆಗೆ ಮುಂಚೆಯೇ ತಿಳಿಸಲಿ. "ತಲುಪಿದಿರಿ" ಎಂದು ಮುಗಿಸದೆ, "ಕಣಿವೆಯ ದಾರಿ ಹತ್ತಿರ, ಆದರೆ ಅಲ್ಲಿ ಹೊಸ ಹೆಜ್ಜೆಗಳಿವೆ, ಗುಡ್ಡದ ದಾರಿ ದೂರ, ಆದರೆ ನಿರ್ಭಯ, ಯಾವುದಾಗಲಿ?" ಎಂದು ರೇಂಜರನನ್ನೇ ಕೇಳಲಿ. ಅವನ ತಿಳಿವಳಿಕೆಯಿಂದ ಕಥೆ ಬೆಳೆಯಲಿ, ಕುಗ್ಗದಿರಲಿ.

ನಿಯಮದ ದೋಷವಾದರೆ ೨೦೨೦ರ ತಿದ್ದುಪಡಿಗಳೇ ಸುಲಭವಾದ ಮಾರ್ಗ. ಹೊಸದಾಗಿ ಏನನ್ನಾದರೂ ಕೊಡುವುದಾದರೆ ಒಂದೊಂದಾಗಿ ಕೊಡಿರಿ; ಮೊದಲ ಮೆಟ್ಟಿಲಿನಲ್ಲಿ ರಾಶಿ ಹಾಕಬೇಡಿರಿ. ಯೋಧನ ಪಾಲನ್ನು ಕಿತ್ತು ರೇಂಜರನಿಗೆ ಕೊಡುವುದು ಸಲ್ಲದು. ಹಾಗೆ ಮಾಡಿದರೆ ಮೇಜಿನಲ್ಲಿ ಮುನಿಸಿಕೊಂಡವರ ಜಾಗ ಬದಲಾಗುವುದೇ ಹೊರತು ಮುನಿಸು ಹೋಗದು. ಮಾರ್ಪಾಟನ್ನು ಯುದ್ಧದ ನಡುವೆ ಮಾಡದೆ, ಆಟದ ಆರಂಭದಲ್ಲಿ ಎಲ್ಲರ ಸಮ್ಮತಿಯಿಂದ ಮಾಡಿ, ಕೆಲವು ಸಂಜೆಗಳ ಮೇಲೆ ಮತ್ತೆ ವಿಮರ್ಶಿಸಿರಿ.

ಹತ್ತು ವರ್ಷಗಳ ಈ ಚಿಕಿತ್ಸೆಯನ್ನು ನೋಡಿದರೆ ನಮಗೆ ತೋರುವುದಿಷ್ಟು: ಹಿಂದೆ ಬಿದ್ದವನಿಗೆ ಅಂಕಗಳ ಭಿಕ್ಷೆಯನ್ನು ಹಾಕಿದ ಮಾತ್ರಕ್ಕೆ ಅವನು ಮುಂದೆ ಬರಲಾರನು. ತನಗೆ ಮಾತ್ರ ಒಪ್ಪುವ ಕೆಲಸ, ಅದಕ್ಕೆ ಮತ್ತೆ ಮತ್ತೆ ಒದಗುವ ಅವಕಾಶ, ಆ ಕೆಲಸ ಮಾಡಲು ತಕ್ಕ ಸರದಿ, ಈ ಮೂರು ದೊರೆತಾಗಲೇ ಅವನು ಜೊತೆಗಾರರಿಗೆ ಸಮನಾಗಿ ಕುಳಿತುಕೊಳ್ಳುವನು. ಮನೆಯಲ್ಲಿ ಮಕ್ಕಳು ಈ ಆಟಕ್ಕೆ ಕೂಡಿದಾಗ ಹಿರಿಯರು ಯಾರು ಗೆಲ್ಲುತ್ತಿರುವರೆಂದು ಕೇಳುವ ಬದಲು, ಬಹಳ ಹೊತ್ತಿನಿಂದ ಯಾರ ದನಿಯು ಕೇಳಿಬಂದಿಲ್ಲವೆಂಬುದನ್ನು ಗಮನಿಸಲಿ.